ಎರಡನೇ ಬ್ರೇಕು

ಚರ್ಚಿನಲ್ಲಿ ಭಾನುವಾರದ ಪೂಜೆಯ ಹೊತ್ತು ಮೇಷ್ಟ್ರು ಬೈಬಲಿನ ವಾಚನ ಓದುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಕೆಮ್ಮಿರಬಹುದು ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಬಾಯಿಗೆ ಕರ್ಚೀಫು ಒತ್ತಿ ಹಿಡಿದಿದ್ದರೂ ಮೂಗಿನಿಂದ ಹೊರಟ ನಗು ಅದು. ಆ ದಿನದ ವಾಚನ ತಾಳ್ಮೆಯ ಬಗ್ಗೆ. ಮೇಷ್ಟ್ರ ದನಿಯೋ, ವಾಚನಪೀಠ ಹತ್ತಿದರೆ ಸಾಕು, ಜೇನಿನಲ್ಲಿ ಅದ್ದಿ ತೆಗೆದಂತಿರುತ್ತಿತ್ತು. ‘ಎಂಥಾ ಸಾಧು ಮನುಷ್ಯ’ ಎಂದು ಎಡಗಡೆ ಸಾಲಿನ ಹೆಂಗಸರು ಎಷ್ಟೋ ಸಲ ಮೆಚ್ಚಿಕೊಂಡಿದ್ದುಂಟು. ಅವರಲ್ಲಿ ಯಾರಿಗೂ ಡ್ರೈವಿಂಗ್ ಕಲಿಯುವ ಅಗತ್ಯ ಬಿದ್ದಿರಲಿಲ್ಲ.

ಏಕೆಂದರೆ ಈ ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯಲು ಬಂದವರು ಇಟ್ಟ ಹೆಸರು ಗುಡುಗು ಮೇಷ್ಟ್ರು. ‘ಗೇರು ಅಂದ್ರೆ ಅಡುಗೆಮನೆ ಸೌಟಲ್ಲ!’, ‘ಕನ್ನಡಿ ಇರೋದು ತಲೆ ಬಾಚೋಕಲ್ಲ!’ ಎಂದು ಅವರು ಗುಡುಗಿದರೆ ಗಾಡಿಯ ಕನ್ನಡಿಗೆ ತೂಗುಹಾಕಿದ್ದ ಜಪಸರ ಕೂಡ ಒಮ್ಮೆ ಅಲ್ಲಾಡುತ್ತಿತ್ತು. ನಕ್ಕವಳು ಪೇಟೆ ಆಸ್ಪತ್ರೆಯ ನರ್ಸಮ್ಮ. ಹೋದ ವರ್ಷ ಮೇಷ್ಟ್ರ ಹತ್ತಿರ ಕಲಿಯುತ್ತಿದ್ದವಳು, ಸಿಗ್ನಲ್ಲಿನ ನಡುವೆಯೇ ಗಾಡಿ ಬಿಟ್ಟಿಳಿದು, ಅಳುತ್ತಾ ನಡೆದುಹೋಗಿದ್ದಳು. ಅವಳು ಮತ್ತೆ ಬಂದಿರಲಿಲ್ಲ.

ಆ ಮಧ್ಯಾಹ್ನ ಊಟದ ಮುಂಚಿನ ಪ್ರಾರ್ಥನೆಯನ್ನು ಮೇಷ್ಟ್ರು ಎಂದಿಗಿಂತ ಉದ್ದ ಮಾಡಿದರು. ಆಮೆನ್ ಎಂದ ಮೇಲೆ ಮಾತು ಶುರುವಾಗುತ್ತದೆಂಬುದು ಅವರಿಗೆ ಗೊತ್ತಿತ್ತು.

“ಸೂಪು ಆರಿಹೋಯ್ತು ಅಳಿಯಂದ್ರೇ,” ಎಂದರು ಅತ್ತೆ. “ದೇವರಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ.”

ಅತ್ತೆ ಎಂದರೆ ಹೆಂಡತಿಯ ತಾಯಿ. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿ, ಈಗ ಮಗಳ ಮನೆಯ ಅಡುಗೆಮನೆಯನ್ನು ಆಳುತ್ತಿದ್ದರು. ಅವರ ನಾಲಿಗೆಗೆ ನಿವೃತ್ತಿ ಇರಲಿಲ್ಲ.

ಯಾರೂ ಬೆಳಗಿನ ಮಾತೆತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಮೇಷ್ಟ್ರೇ ಕೇಳಿದರು: “ಆ ನರ್ಸಮ್ಮ ಯಾಕೆ ನಕ್ಕಳಂತೆ?”

“ನೀವು ಓದಿದ್ದು ತಾಳ್ಮೆ ಬಗ್ಗೆ ರೀ,” ಎಂದಳು ಹೆಂಡತಿ ಬ್ರೆಡ್ಡು ಮುರಿಯುತ್ತಾ. “ಅವಳು ನಿಮ್ಮ ಗಾಡೀಲಿ ಕೂತಿದ್ದೋಳು. ನಗದೆ ಇನ್ನೇನು ಮಾಡ್ತಾಳೆ?”

“ಅದು ಬೇರೆ, ಇದು ಬೇರೆ. ಅಲ್ಲಿ ಗದರದೆ ಇದ್ರೆ ಯಾರ್ನಾದ್ರೂ ಗುದ್ದಿ ಸಾಯಿಸ್ತಾರೆ. ಅದು ನನ್ನ ಉದ್ಯೋಗ, ಇದು ದೇವರ ಕೆಲಸ.”

“ದೇವರೇನು ಗಾಡಿ ಹತ್ತೋದಿಲ್ವೇ?” ಎಂದರು ಅತ್ತೆ.

ಮನೆಯ ಮುಂದಿನ ಕೋಣೆಯೇ ಡ್ರೈವಿಂಗ್ ಸ್ಕೂಲಿನ ಆಫೀಸು. ಅರ್ಜಿ, ಫೋನು, ಸಮಯ ಹೊಂದಿಸುವುದು ಎಲ್ಲ ಹೆಂಡತಿಯದೇ. ಬಂದವರನ್ನು ಅವಳು ನಗುನಗುತ್ತಾ ಸೇರಿಸಿಕೊಳ್ಳುವುದು, ಅವರನ್ನು ಗಂಡ ಅಳಿಸಿ ಕಳಿಸುವುದು, ಹೀಗೇ ವರ್ಷಗಳು ನಡೆದಿದ್ದವು. ಈಚೆಗೆ ಫೋನು ರಿಂಗಾಗುವುದೇ ಕಡಿಮೆಯಾಗಿ, ಅದರ ಮೇಲೆ ಅವಳು ಹೆಣೆದ ಬಟ್ಟೆಯೊಂದನ್ನು ಹೊದಿಸಿದ್ದಳು.

ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗಳು ಗಂಟಲು ಸರಿಮಾಡಿಕೊಂಡಳು. “ಅಪ್ಪಾ, ಒಂದು ವಿಷಯ ಹೇಳ್ತೀನಿ, ಬಯ್ಯಬಾರದು.”

“ನಾನು ಯಾವಾಗ ಬಯ್ದಿದ್ದೀನಿ!” ಎಂದು ಮೇಷ್ಟ್ರು ಬಯ್ದರು.

“ನಾನು ಡ್ರೈವಿಂಗ್ ಕಲಿಯೋಕೆ ಹೆಸರು ಕೊಟ್ಟಿದ್ದೀನಿ. ಎದುರು ಬೀದಿ ಸ್ಕೂಲಲ್ಲಿ. ಮುಂದಿನ ತಿಂಗಳಿಂದ ಕ್ಲಾಸು.”

ಚಮಚ ಬಟ್ಟಲಿನ ಅಂಚಿಗೆ ತಗಲಿ ಠಣ್ ಎಂದಿತು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಉಪ್ಪಿನ ಡಬ್ಬಿ ನೋಡಿದಳು. ಅಂದರೆ ಅವಳಿಗೂ ಮೊದಲೇ ಗೊತ್ತು.

“ಹಿತ್ತಲ ಗಿಡ ಮದ್ದಲ್ಲ ಬಿಡಿ,” ಎಂದು ಅತ್ತೆ ಸಮಾಧಾನಕ್ಕೆ ನೋಡಿದರು.

“ಮದ್ದೇ ಅಜ್ಜಿ. ಕಹಿ ಜಾಸ್ತಿ,” ಎಂದಳು ಮೊಮ್ಮಗಳು.

ಆ ಮಾತು ಮೇಷ್ಟ್ರಿಗೆ ನಾಟಿತು. ಚರ್ಚಿನ ನಗುವನ್ನಾದರೂ ನುಂಗಬಹುದಿತ್ತು; ತಾನು ಊರಿಗೆಲ್ಲ ಕಲಿಸುವ ವಿದ್ಯೆಯನ್ನು ತನ್ನ ಮಗಳು ಎದುರಾಳಿಯ ಹತ್ತಿರ ಕಲಿಯುವುದನ್ನು ನುಂಗುವುದು ಹೇಗೆ? ಅವರು ಊಟ ಬಿಟ್ಟೇಳಲಿಲ್ಲ, ಏಕೆಂದರೆ ಹಸಿವಾಗಿತ್ತು. ಆದರೆ ರುಚಿ ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಸಂಜೆ ಮೇಷ್ಟ್ರು ಚರ್ಚಿಗೆ ಪಾಪನಿವೇದನೆಗೆ ಹೋಗಿ ಬಂದರು. ಒಳಗೆ ಗುರುಗಳು ಏನೆಂದರೋ ಅದು ಅವರಿಬ್ಬರ ನಡುವಿನದು. ಮೇಷ್ಟ್ರೇ ಊಟದ ಮೇಜಿನಲ್ಲಿ ಬಾಯಿಬಿಟ್ಟದ್ದರಿಂದ ಮನೆಯವರಿಗೂ ತಿಳಿಯಿತು.

“ಕೋಪ, ಕೋಪ, ಕೋಪ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಎಷ್ಟು ವರ್ಷ ಇದನ್ನೇ ತರ್ತೀರಿ ಅಂತ ಫಾದರ್ ಕೇಳಿದ್ರು. ಗಾಡೀಲಿ ಕಳ್ಕೊಂಡಿದ್ದನ್ನ ಚರ್ಚಲ್ಲಿ ಹುಡುಕಬೇಡಿ, ಗಾಡೀಲೇ ಹುಡುಕಿ ಅಂದ್ರು.” ಮೇಷ್ಟ್ರು ನೀರು ಕುಡಿದರು. “ಅದಕ್ಕೇ ಒಂದು ನಿರ್ಧಾರ ಮಾಡಿದ್ದೀನಿ. ಇದು ಅವರು ಹೇಳಿದ್ದಲ್ಲ, ನಾನೇ ಮಾಡಿದ್ದು. ಒಬ್ಬರಿಗಾದ್ರೂ ದನಿ ಎತ್ತದೆ ಪೂರ್ತಿ ಕಲಿಸಿ ಲೈಸೆನ್ಸ್ ಕೊಡಿಸ್ತೀನಿ. ಅಲ್ಲೀವರೆಗೂ ನಾನು ವಾಚನಪೀಠ ಹತ್ತೋದಿಲ್ಲ.”

ವಾಚನಪೀಠ ಎಂದರೆ ಮೇಷ್ಟ್ರಿಗೆ ಪ್ರಾಣ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ವಾರವಿಡೀ ಹಲ್ಲುಜ್ಜುವಾಗಲೂ ಅವರು ಭಾನುವಾರದ ವಾಚನವನ್ನೇ ಅಭ್ಯಾಸ ಮಾಡುತ್ತಿದ್ದರು.

“ಆ ಒಬ್ಬರು ಯಾರು ರೀ? ಫೋನೇ ಬರ್ತಿಲ್ಲ,” ಎಂದಳು ಹೆಂಡತಿ.

“ನಾನೇ,” ಎಂದರು ಅತ್ತೆ, ಆಲೂಗಡ್ಡೆಯ ಬಟ್ಟಲು ಮುಂದೆ ತಳ್ಳುತ್ತಾ. “ನಂಗೆ ಕಲಿಸಿ.”

ತಿನ್ನುತ್ತಿದ್ದ ತುತ್ತು ಮೇಷ್ಟ್ರಿಗೆ ನೆತ್ತಿಗೆ ಹತ್ತಿತು.

“ಯಾಕೆ, ಆಗಬಾರದಾ? ನನ್ನ ಬೆಂಚಿನ ಮೂವರು ಗೆಳತಿಯರು ಪೂಜೆಗೆ ಬಂದು ತಿಂಗಳುಗಳಾಯ್ತು. ಒಬ್ಬಳಿಗೆ ಮಂಡಿ, ಒಬ್ಬಳಿಗೆ ಕಣ್ಣು, ಇನ್ನೊಬ್ಬಳಿಗೆ ಎರಡೂ. ಬಸ್ ಸ್ಟಾಪು ಮೊದಲು ಚರ್ಚಿನ ಬಾಗಿಲಲ್ಲೇ ಇತ್ತು, ಈಗ ದೂರ ಹಾಕಿದ್ದಾರೆ. ಆ ಬೆಂಚಲ್ಲಿ ನಾನೊಬ್ಬಳೇ ಕೂತ್ಕೊಳ್ಳೋದು ನಂಗೆ ಸಾಕಾಗಿದೆ. ಮನೆ ಮುಂದೆ ಗಾಡಿ ಇದೆ, ಮನೆ ಒಳಗೆ ಮೇಷ್ಟ್ರಿದ್ದಾರೆ. ಇನ್ನೇನು ಬೇಕು?”

“ನಾನು ಹಿಂದಿನ ಸೀಟಲ್ಲಿ ಕೂತ್ಕೋತೀನಿ,” ಎಂದಳು ಮಗಳು. ಅವಳ ಕಣ್ಣು ಮಿನುಗುತ್ತಿತ್ತು. “ಅಂಪೈರು. ಅಪ್ಪ ದನಿ ಎತ್ತಿದ್ರೆ ಮೊದಲನೇ ಪಾಠದಿಂದ ಮತ್ತೆ ಶುರು.”

ಹೀಗೆ ಮಳೆ ಬರಲಿ ಬಿಸಿಲಿರಲಿ, ದಿನಾ ಬೆಳಿಗ್ಗೆ ಪಾತ್ರೆ ತೊಳೆದಾದ ಮೇಲೆ, ಅತ್ತೆ ಕನ್ನಡಕ ಒರೆಸಿಕೊಂಡು ಸ್ಟಿಯರಿಂಗ್ ಹಿಂದೆ ಕೂತರು. ಡ್ರೈವಿಂಗ್ ಸ್ಕೂಲಿನ ಗಾಡಿಗಳಲ್ಲಿ ಇರುವ ಹಾಗೆ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕಿತ್ತು. ಹೆಂಡತಿ ಗಂಡನ ಜೇಬಿಗೆ ದಿನಾ ಒಂದು ಹಿಡಿ ಪೆಪ್ಪರಮಿಂಟು ತುಂಬಿ ಕಳಿಸುತ್ತಿದ್ದಳು. “ಬಯ್ಯೋ ಹಾಗಾದ್ರೆ ಇದನ್ನ ಬಾಯಿಗೆ ಹಾಕ್ಕೊಳ್ಳಿ.”

ಮೊದಲ ವಾರ ಮೇಷ್ಟ್ರ ಹಲ್ಲೆಲ್ಲ ಜುಮ್ಮೆನ್ನತೊಡಗಿತು. ಅತ್ತೆ ಎಡಕ್ಕೆ ಸಿಗ್ನಲ್ ಹಾಕಿ ಬಲಕ್ಕೆ ತಿರುಗಿದಾಗ ಒಂದು, ತರಕಾರಿ ಗಾಡಿಯವಳಿಗೆ ಕೈ ಬೀಸಿ ಯೋಗಕ್ಷೇಮ ವಿಚಾರಿಸಿದಾಗ ಇನ್ನೊಂದು, ಹಿಂದೆ ಹೋಗಬೇಕಾದಲ್ಲಿ ಮುಂದೆ ಹೋದಾಗ ಎರಡು. ಎರಡನೇ ವಾರ ಪೆಪ್ಪರಮಿಂಟು ಬಿಟ್ಟು, ತುಟಿಯೊಳಗೇ ಪ್ರಾರ್ಥನೆ ಹೇಳಿಕೊಳ್ಳತೊಡಗಿದರು.

“ಏನು ಗೊಣಗ್ತಿದ್ದೀರಿ?” ಎಂದು ಅತ್ತೆ ಕೇಳಿದರು.

“ಜಪ, ಅತ್ತೆ.”

“ಯಾವುದು ಅಂತ ಕೇಳ್ಸುತ್ತೆ ನಂಗೆ. ಸಾಯೋರ ಪಕ್ಕ ಹೇಳೋದನ್ನ ನನ್ನ ಪಕ್ಕ ಕೂತು ಹೇಳಬೇಡಿ!”

ಹಿಂದಿನ ಸೀಟಿನ ಅಂಪೈರು ಬಿದ್ದುಬಿದ್ದು ನಕ್ಕಳು. ಮೇಷ್ಟ್ರೂ ನಕ್ಕರು. ಗಾಡಿಯೊಳಗೆ ತಾನು ನಗುತ್ತಿರುವುದು ಅವರಿಗೇ ಹೊಸದಾಗಿ ಕಂಡಿತು.

ದಿನ ಕಳೆದ ಹಾಗೆ ಮೇಷ್ಟ್ರ ಎದೆ ಉಬ್ಬಿತು. ಒಂದು ಸಲವೂ ದನಿ ಎತ್ತಿರಲಿಲ್ಲ. ಮಗಳು ಕೂಡ “ಪರವಾಗಿಲ್ವೇ ಅಪ್ಪಾ” ಎಂದಿದ್ದಳು. ಎದುರು ಬೀದಿ ಸ್ಕೂಲಿನ ಕ್ಲಾಸನ್ನು ಒಂದಿಷ್ಟು ದಿನ ಮುಂದೆ ಹಾಕಿದಳೆಂದು ಹೆಂಡತಿಯಿಂದ ತಿಳಿಯಿತು. ಅತ್ತೆಯ ಗಾಡಿಯೂ ಚೆನ್ನಾಗಿಯೇ ಓಡುತ್ತಿತ್ತು. ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು. ಪರೀಕ್ಷೆಗೆ ಹೆಸರು ಕೊಟ್ಟಿದ್ದಾಯಿತು. ಆ ವಾರ ಮೇಷ್ಟ್ರು ಹಲ್ಲುಜ್ಜುವಾಗ ವಾಚನದ ಅಭ್ಯಾಸವನ್ನೂ ಮತ್ತೆ ಶುರು ಮಾಡಿದರು.

ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರು ಮೇಷ್ಟ್ರ ಸೀಟಿನಲ್ಲಿ ಕೂತು, ಎರಡೂ ಕಾಲನ್ನು ಹಿಂದಕ್ಕೆ ಸೆಳೆದುಕೊಂಡು, “ಹೊರಡಿ ಅಮ್ಮಾ” ಎಂದ. ಅತ್ತೆ ಹೊರಟರು. ಬೇಲಿಯ ಹೊರಗೆ ಮೇಷ್ಟ್ರು, ಮಗಳು ನಿಂತು ನೋಡುತ್ತಿದ್ದರು. ತಿರುವು ಚೆನ್ನಾಯಿತು, ಏರು ಚೆನ್ನಾಯಿತು, ಹಿಂದಕ್ಕೆ ತೆಗೆದದ್ದು ಇನ್ನೂ ಚೆನ್ನಾಯಿತು. ಕೊನೆಗೆ ಬಿಳಿ ಗೆರೆ. ಅಲ್ಲಿ ನಿಲ್ಲಿಸಬೇಕು. ಅತ್ತೆ ಶಾಂತವಾಗಿ ಬ್ರೇಕಿನ ಮೇಲೆ ಕಾಲಿಟ್ಟರು. ಗಾಡಿ ಅಷ್ಟೇ ಶಾಂತವಾಗಿ ಗೆರೆ ದಾಟಿ, ಗುರುತಿಗೆ ಇಟ್ಟಿದ್ದ ಕೆಂಪು ಪ್ಲಾಸ್ಟಿಕ್ ಕೋನನ್ನು ಕೆಡವಿ, ಅದನ್ನು ಸ್ವಲ್ಪ ದೂರ ಎಳೆದುಕೊಂಡು ಹೋಯಿತು. ಬೇಲಿಯ ಹೊರಗೆ ಮೇಷ್ಟ್ರ ಬಲಗಾಲು ನೆಲವನ್ನು ಒತ್ತುತ್ತಿತ್ತು.

“ಮತ್ತೆ ಬನ್ನಿ ಅಮ್ಮಾ,” ಎಂದ ಇನ್‌ಸ್ಪೆಕ್ಟರು.

ಮನೆಗೆ ಬಂದ ಅತ್ತೆ ಕೈ ತೊಳೆದು ಮೇಜಿನ ಮುಂದೆ ಕೂತರು. ಹೆಂಡತಿ ಬಡಿಸಿದ್ದನ್ನು ಮುಟ್ಟಲಿಲ್ಲ. ಅವರು ಊಟ ಬಿಟ್ಟದ್ದನ್ನು ಆ ಮನೆ ಕಂಡಿರಲಿಲ್ಲ.

“ಇಷ್ಟು ದಿನ ನಾನು ಕಾಲು ಇಟ್ರೆ ಸಾಕು, ಬ್ರೇಕು ತಾನೇ ಕೆಳಗೆ ಹೋಗ್ತಿತ್ತು,” ಎಂದರು ಕೊನೆಗೆ. “ಗಾಡಿಗಳೇ ಹಾಗೆ ಅಂದ್ಕೊಂಡಿದ್ದೆ. ಇವತ್ತು ಅದು ಕಲ್ಲಿನ ಹಾಗಿತ್ತು. ಅಳಿಯಂದ್ರೇ, ನಿಜ ಹೇಳಿ. ಒತ್ತುತ್ತಿದ್ದೋರು ನೀವಲ್ವೇ?”

ಮೇಷ್ಟ್ರು ತಲೆ ತಗ್ಗಿಸಿದರು. “ಒತ್ತಬೇಕು ಅಂತ ಒತ್ತಿದ್ದಲ್ಲ ಅತ್ತೆ. ಬಾಯಿ ಹಿಡ್ಕೊಂಡಿದ್ದೆ. ಕಾಲು ಹಿಡ್ಕೊಳ್ಳೋದು ಗೊತ್ತಾಗ್ಲಿಲ್ಲ.”

“ಎಲ್ಲ ಕಡೇನೂ?”

“ಎಲ್ಲ ಕಡೇನೂ.”

“ಅಂದ್ರೆ ನಾನು ಒಂದು ದಿನವೂ ಗಾಡಿ ನಿಲ್ಲಿಸೇ ಇಲ್ಲ!” ಅತ್ತೆ ತಟ್ಟೆಯನ್ನು ದೂರ ತಳ್ಳಿದರು. “ಇದಕ್ಕಿಂತ ನೀವು ಬಯ್ದಿದ್ರೇ ಚೆನ್ನಾಗಿತ್ತು. ಬಯ್ಯೋರಿಗೆ ಇವಳು ಕಲೀತಾಳೆ ಅಂತ ಒಂದು ಆಸೆಯಾದ್ರೂ ಇರುತ್ತೆ. ನಿಮಗೆ ಅದೂ ಇರಲಿಲ್ಲ. ಮೌನ ಬಂಗಾರ ಅಂತಾರೆ. ನಿಮ್ಮದು ಬರೀ ಗಿಲೀಟು!”

ಮಗಳು ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮೇಷ್ಟ್ರು ಮುಂದಿನ ಕೋಣೆಗೆ ಬಂದು ಫೋನಿನ ಪಕ್ಕ ಕೂತರು. ಅಲ್ಲಿ ಕೂತಾಗ ನರ್ಸಮ್ಮ ನೆನಪಾದಳು. ಅವಳ ಗಾಡಿಯೂ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು, ವಾರಗಟ್ಟಲೆ. ಒಂದು ದಿನ ನೋಡೋಣವೆಂದು ತಾನು ಬ್ರೇಕಿನಿಂದ ಕಾಲು ತೆಗೆದಿದ್ದು, ಗಾಡಿ ಸಿಗ್ನಲ್ಲಿನ ನಡುವಿಗೆ ಹೋಗಿ ನಿಂತದ್ದು, ತಾನು ಗುಡುಗಿದ್ದು, ಎಲ್ಲ ನೆನಪಾಯಿತು. ಅವಳಿಗೆ ನಿಲ್ಲಿಸುವುದನ್ನು ಕಲಿಸಿಯೇ ಇರಲಿಲ್ಲ. ಕಲಿಸದ್ದು ತಾನು, ಬೈಸಿಕೊಂಡದ್ದು ಅವಳು. ಮೇಷ್ಟ್ರಿಗೆ ಕೂತಲ್ಲೇ ನಾಚಿಕೆಯಾಯಿತು. ಇನ್ನೆಷ್ಟು ಜನರೋ ಎಂದು ಯೋಚಿಸಲು ಹೊರಟು ಹೆದರಿ ಬಿಟ್ಟರು.

ಮಾರನೆಯ ದಿನ ಬಿ.ಪಿ. ತೋರಿಸುವ ನೆಪ ಮಾಡಿಕೊಂಡು ಆಸ್ಪತ್ರೆಗೆ ಹೋದರು. ನರ್ಸಮ್ಮ ಅವರನ್ನು ಕಂಡು ಒಂದು ಗಳಿಗೆ ಬಿಳಿಚಿಕೊಂಡು, ಆಮೇಲೆ ತೋಳಿಗೆ ಪಟ್ಟಿ ಸುತ್ತಿದಳು. ನೆಪಕ್ಕೆ ಬಂದವರ ಬಿ.ಪಿ. ನಿಜಕ್ಕೂ ಏರಿತ್ತು. ರಕ್ತ ಪರೀಕ್ಷೆಯೂ ಆಗಲಿ ಎಂದರು ಡಾಕ್ಟರು.

ಗುಡುಗು ಮೇಷ್ಟ್ರಿಗೆ ಸೂಜಿ ಎಂದರೆ ಜೀವ ಹೋಗುವಷ್ಟು ಭಯ. ಸೂಜಿ ಹತ್ತಿರ ಬಂದಾಗಲೆಲ್ಲ ಕೈ ಎಳೆದುಕೊಂಡರು. ಪ್ರತಿ ಸಲವೂ ನರ್ಸಮ್ಮ ಸೂಜಿ ಕೆಳಗಿಟ್ಟು, “ಪರವಾಗಿಲ್ಲ ಸರ್, ಉಸಿರು ತಗೊಳ್ಳಿ” ಎಂದಳು. ಹೊರಗೆ ಬೆಂಚು ತುಂಬ ಜನ ಕಾಯುತ್ತಿದ್ದರು.

“ನಿಮಗೆ ಕೋಪ ಬರೋದಿಲ್ವೇನಮ್ಮಾ?”

“ಬರುತ್ತೆ. ಆದ್ರೆ ಕೈ ನಿಮ್ದಲ್ವಾ ಸರ್? ಕಿತ್ಕೊಂಡು ಚುಚ್ಚೋಕಾಗುತ್ತಾ? ನೀವು ಸಡಿಲ ಬಿಡೋವರೆಗೂ ಕಾಯಬೇಕು.” ಅವಳು ಹತ್ತಿಯನ್ನು ಮತ್ತೆ ಒದ್ದೆ ಮಾಡಿದಳು. “ಬೆಳಿಗ್ಗೆ ಡ್ಯೂಟಿಗೆ ಬಂದ್ರೆ ಜಪ ಹೇಳೋಕೆ ಪುರುಸೊತ್ತೇ ಸಿಗಲ್ಲ. ಹೀಗೆ ಕಾಯೋದನ್ನೇ ಜಪ ಅಂದ್ಕೋತೀನಿ. ಕೆಲವು ದಿನ ಚೆನ್ನಾಗಿ ಆಗುತ್ತೆ, ಕೆಲವು ದಿನ ಇಲ್ಲ.”

ಮೇಷ್ಟ್ರು ಕೈ ಚಾಚಿದರು. ಸೂಜಿ ಒಳಗೆ ಹೋಗಿ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಆಗ ಅವರು ಮಾತಾಡುತ್ತಿದ್ದರು. “ಅವತ್ತು ಸಿಗ್ನಲ್ಲಲ್ಲಿ ತಪ್ಪು ನಿಮ್ದಲ್ಲಮ್ಮಾ. ಅಷ್ಟು ದಿನ ಬ್ರೇಕ್ ಒತ್ತುತ್ತಾ ಇದ್ದೋನು ನಾನು. ಅವತ್ತು ಕಾಲು ತೆಗೆದೋನೂ ನಾನೇ. ಕ್ಷಮಿಸಿಬಿಡಿ.”

ನರ್ಸಮ್ಮ ಅವರ ತೋಳಿಗೆ ಹತ್ತಿ ಒತ್ತಿ ಹಿಡಿದಳು. ಕಣ್ಣಲ್ಲಿ ನೀರಾಡಿತು. “ನಂಗೆ ತಲೇನೇ ಇಲ್ಲ ಅಂದ್ಕೊಂಡಿದ್ದೆ ಸರ್, ಇಷ್ಟು ದಿನ.” ಆಮೇಲೆ ಮೂಗು ಒರೆಸಿಕೊಂಡು, “ನಾನೂ ಚರ್ಚಲ್ಲಿ ನಗಬಾರದಿತ್ತು,” ಎಂದಳು.

“ಪಾಪ, ನಗು ಬಂದ್ರೆ ನೀವಾದ್ರೂ ಏನ್ಮಾಡ್ತೀರಿ!” ಎಂದರು ಮೇಷ್ಟ್ರು. ಇಬ್ಬರೂ ಎಷ್ಟು ನಕ್ಕರೆಂದರೆ ಹೊರಗಿದ್ದವರು ಬಾಗಿಲಲ್ಲಿ ಇಣುಕಿದರು.

ಮನೆಗೆ ಬಂದವರೇ ನೇರ ಅಡುಗೆಮನೆಗೆ ಹೋದರು. “ಅತ್ತೆ, ಇನ್ನೊಂದು ಅವಕಾಶ ಕೊಡಿ. ಈ ಸಲ ನಿಲ್ಲಿಸೋರು ನೀವು.”

“ನಿಮ್ಮ ಕಾಲನ್ನ ಏನ್ಮಾಡ್ತೀರಿ? ಕತ್ತರಿಸಿ ಮನೇಲಿಡ್ತೀರಾ?”

ಅದಕ್ಕೂ ಮೇಷ್ಟ್ರು ಉಪಾಯ ಹುಡುಕಿದ್ದರು. ಮೊದಲು ಖಾಲಿ ಮೈದಾನಕ್ಕೆ ಹೋಗಿ, ಚಪ್ಪಲಿ ಬಿಚ್ಚಿ, ತಮ್ಮ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಊಟಕ್ಕೆ ಕೂತ ಹಾಗೆ. ಬೇಕೆಂದರೂ ಕಾಲು ಬ್ರೇಕಿಗೆ ಸಿಗುವಂತಿರಲಿಲ್ಲ. ಅತ್ತೆ ಅವರನ್ನು ನೋಡಿ, “ಎಲೆ ಒಂದು ಹಾಕಿಬಿಡಲೇ?” ಎಂದು ಗಾಡಿ ಹೊರಡಿಸಿದರು.

ಮೊದಲ ಸಲ ಗಾಡಿ ಗೆರೆಯನ್ನು ಎಲ್ಲೋ ಬಿಟ್ಟು ಮುಂದೆ ನಿಂತಿತು. ಎರಡನೆಯ ಸಲ ಎಷ್ಟು ಜೋರಾಗಿ ನಿಂತಿತೆಂದರೆ ಜಪಸರ ಬಂದು ಮೇಷ್ಟ್ರ ಮೂಗಿಗೆ ಬಡಿಯಿತು. ಅವರು ಸೀಟಿನ ಅಂಚು ಹಿಡಿದು, ಬೆವರಿ, ಕಣ್ಣು ಮುಚ್ಚಿ, ಕಣ್ಣು ತೆರೆದು, “ಪರವಾಗಿಲ್ಲ ಅತ್ತೆ, ಉಸಿರು ತಗೊಳ್ಳಿ” ಎಂದರು. ಈಗ ಸುಮ್ಮನಿರಲೂ ಇಲ್ಲ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಯಾಕೆ ಒತ್ತಬೇಕು ಎಂದು ಹೇಳುತ್ತಾ ಹೋದರು. ಇಷ್ಟು ವರ್ಷ ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲವೆಂದು ಹೇಳುವಾಗಲೇ ಅವರಿಗೆ ಗೊತ್ತಾಯಿತು.

ಒಂದು ಬೆಳಿಗ್ಗೆ, ಮೈದಾನದ ಆ ತುದಿಯಿಂದ ಬಂದ ಅತ್ತೆ ಗೆರೆಯ ಮುಂದೆ, ಒಂದು ಗೇಣು ಬಿಟ್ಟು, ಮೆತ್ತಗೆ ನಿಲ್ಲಿಸಿದರು.

“ಭೇಷ್!” ಎಂದು ಮೇಷ್ಟ್ರು ಕೂಗಿದ ಕೂಗಿಗೆ ಮರದ ಹಕ್ಕಿಗಳೆಲ್ಲ ಹಾರಿದವು.

“ದನಿ ಎತ್ತಿದ್ರು! ದನಿ ಎತ್ತಿದ್ರು!” ಎಂದು ಹಿಂದಿನ ಸೀಟಿನ ಅಂಪೈರು ಕುಣಿದಳು. “ಮೊದಲನೇ ಪಾಠದಿಂದ ಶುರು!”

“ಶುರು ಮಾಡೋಣ,” ಎಂದರು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ. “ಅತ್ತೆಗೆ ಸಾಕು. ಇನ್ಯಾರಿಗಾದ್ರೂ ಬೇಕಾದ್ರೆ.”

ಮಗಳು ಹಿಂದಿನ ಬಾಗಿಲು ತೆರೆದು ಇಳಿದಳು. “ಎದುರು ಬೀದಿ ಸ್ಕೂಲಿನೋರು ದಿನಾ ಫೋನ್ ಮಾಡ್ತಿದ್ದಾರೆ. ಬರಲ್ಲ ಅಂತ ಹೇಳಿಬಿಡ್ತೀನಿ,” ಎಂದಳು. “ಅಜ್ಜೀ, ಜಾಗ ಬಿಡು.”

ಅತ್ತೆ ಎರಡನೇ ಪರೀಕ್ಷೆಯಲ್ಲಿ ಪಾಸಾದರು. ಕೋನಿಗೆ ಏನೂ ಆಗಲಿಲ್ಲ. ಆಫೀಸಿನ ಫೋನಿನ ಮೇಲಿನ ಬಟ್ಟೆಯನ್ನು ಹೆಂಡತಿ ಒಗೆದು ಮಡಿಸಿಟ್ಟಳು. ಫೋನು ರಿಂಗಾದಾಗ ಮೊದಲು ಕೇಳಿಸಿದ್ದು ನರ್ಸಮ್ಮನ ದನಿ. “ಚಕ್ಕಳಮಕ್ಕಳ ಕೂತ್ಕೊಳ್ಳೋ ಮೇಷ್ಟ್ರ ಸ್ಕೂಲ್ ಇದೇನಾ?” ಎಂದು ಕೇಳಿದಳಂತೆ.

ಆ ಭಾನುವಾರ ಅತ್ತೆ ಮನೆಯವರನ್ನೆಲ್ಲ ಚರ್ಚಿನ ಬಾಗಿಲಲ್ಲಿ ಇಳಿಸಿ, ಗೆಳತಿಯರನ್ನು ಕರೆತರಲು ಒಬ್ಬರೇ ಹೋದರು. ಮೇಷ್ಟ್ರಿಗೆ ಜೊತೆಗೆ ಹೋಗುವ ಆಸೆ. “ನಿಮಗೆ ವಾಚನ ಇದೆ,” ಎಂದು ಅತ್ತೆ ಕಿಟಕಿ ಏರಿಸಿಬಿಟ್ಟರು.

ಪೂಜೆ ಶುರುವಾಯಿತು. ಅತ್ತೆ ಬರಲಿಲ್ಲ. ವಾಚನದ ಹೊತ್ತೂ ಆಯಿತು. ಮೇಷ್ಟ್ರು ಪೀಠ ಹತ್ತಿ ಪುಸ್ತಕ ತೆರೆದರು. ಮುಂದಿನ ಬೆಂಚಿನಲ್ಲಿ ನರ್ಸಮ್ಮ ಗಂಭೀರವಾಗಿ ಕೂತಿದ್ದಳು. ಪೀಠದಿಂದ ಬಲಗಡೆಗಿದ್ದ ಅತ್ತೆಯ ಬೆಂಚು ಖಾಲಿ ಇತ್ತು. ನೇರ ಎದುರಿಗೆ ತೆರೆದ ದೊಡ್ಡ ಬಾಗಿಲು, ಅದರಾಚೆ ಅಂಗಳ, ಅಂಗಳದ ಕೊನೆಗೆ ಹೂಕುಂಡಗಳ ಸಾಲು.

ಎರಡು ಸಾಲು ಓದಿರಬೇಕು, ಗೇಟಿನಲ್ಲಿ ಗಾಡಿ ತಿರುಗಿತು. ಒಳಗೆ ನಾಲ್ಕು ಬಿಳಿ ತಲೆಗಳು, ಎಲ್ಲವೂ ಮಾತಾಡುತ್ತಿದ್ದವು. ಗಾಡಿ ಹೂಕುಂಡಗಳ ಕಡೆಗೇ ಬಂತು. ಮೇಷ್ಟ್ರ ದನಿ ನಿಂತಿತು. ಪೀಠದ ಕೆಳಗೆ ಅವರ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಪೂಜೆಗೆ ಬಂದವರಿಗೆಲ್ಲ ಅವರು ಏಕೆ ನಿಲ್ಲಿಸಿದರೆಂದು ಗೊತ್ತಾಗಲಿಲ್ಲ. ಮುಂದಿನ ಬೆಂಚಿನಲ್ಲಿದ್ದವಳಿಗೆ ಮಾತ್ರ ಆ ಕಾಲು ಕಂಡಿತು. ಅವಳು ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡಳು.

ಮೇಷ್ಟ್ರು ಒಮ್ಮೆ ಉಸಿರು ತೆಗೆದುಕೊಂಡರು. ಆಮೇಲೆ ಮೆಲ್ಲಗೆ ಕಾಲು ಎತ್ತಿದರು.

ಹೂಕುಂಡಗಳಿಗೆ ಒಂದು ಗೇಣು ಇರುವಾಗ ಅತ್ತೆ ಗಾಡಿ ನಿಲ್ಲಿಸಿದರು. ಬಾಗಿಲುಗಳು ಒಂದೊಂದಾಗಿ ತೆರೆದವು, ಊರುಗೋಲುಗಳು ಇಳಿದವು, ಮಂಡಿ ಇಳಿಯಿತು, ಕಣ್ಣು ಇಳಿಯಿತು. ನಾಲ್ವರು ಒಬ್ಬರ ತೋಳನ್ನೊಬ್ಬರು ಹಿಡಿದು, ಟಕ್ ಟಕ್ ಎಂದು ನಡುಹಾದಿಯುದ್ದಕ್ಕೂ ಬಂದು, ತಮ್ಮ ಬೆಂಚಿನಲ್ಲಿ ಸರಿದು ಸರಿದು ಕೂರುವವರೆಗೂ ಮೇಷ್ಟ್ರು ಕಾದರು. ಆಮೇಲೆ ನಿಲ್ಲಿಸಿದ ಕಡೆಯಿಂದ ಓದು ಮುಂದುವರಿಸಿದರು.